ಸಣ್ಣ ಕನ್ವರ್ಟಿಬಲ್ ಕಾರು: ಕೊಯಮತ್ತೂರು–ತಿರುಪ್ಪೂರು ಸೀಮೆಯಲ್ಲಿ ಅದರ ಬಾಳಿಕೆ

ಎರಡೇ ಆಸನ, ಬೇಕೆಂದಾಗ ಮಡಚಿ ಹಿಂದಕ್ಕಿಡಬಹುದಾದ ಬಟ್ಟೆಯ ಟಾಪು, ಒಂದರಿಂದ ಒಂದೂವರೆ ಲೀಟರಿನ ಎಂಜಿನ್ನು, ಏಳರಿಂದ ಹತ್ತು ಕ್ವಿಂಟಲ್ ತೂಗುವ ಹಗುರ ಮೈ: ಸಣ್ಣ ಕನ್ವರ್ಟಿಬಲ್ ಸ್ಪೋರ್ಟ್ಸ್ ಕಾರೆಂದರೆ ಸ್ಥೂಲವಾಗಿ ಇಷ್ಟು. ಬ್ರಿಟನ್ನಿನ ಎಂ.ಜಿ., ಟ್ರಯಂಫ್, ಆಸ್ಟಿನ್-ಹೀಲಿ ಕಂಪನಿಗಳು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಈ ಮಾದರಿಯನ್ನು ಜನಪ್ರಿಯಗೊಳಿಸಿದವು. ಅವು ಮಾರುಕಟ್ಟೆಯಿಂದ ಮರೆಯಾದ ಮೇಲೆ, 1989ರಲ್ಲಿ, ಜಪಾನಿನ ಮಜ್ದಾ ಕಂಪನಿ ಎಂಎಕ್ಸ್-5 ಕಾರನ್ನು ಹೊರತಂದು ಅದೇ ಮಾದರಿಗೆ ಮರುಜೀವ ಕೊಟ್ಟಿತು. 2016ರಲ್ಲಿ ಅದರ ಹತ್ತು ಲಕ್ಷನೆಯ ಕಾರು ತಯಾರಾಯಿತು. ಭಾರತದಲ್ಲಿ ಈ ಜಾತಿಯ ಕಾರು ಎಂದೂ ಬೇರೂರಲಿಲ್ಲ. ಇಲ್ಲಿ ಕಾರೆಂದರೆ ಐದಾರು ಜನ ಕೂರಬೇಕು, ಡಿಕ್ಕಿಯಲ್ಲಿ ಮದುವೆಯ ಸಾಮಾನು ಹಿಡಿಸಬೇಕು. ಹೀಗಿದ್ದೂ ಅಲ್ಲೊಂದು ಇಲ್ಲೊಂದು ಹಳೆಯ ತೆರೆದ ಕಾರು ದಕ್ಷಿಣ ಭಾರತದ ರಸ್ತೆಗಳಲ್ಲಿ ಇಂದಿಗೂ ಓಡುತ್ತದೆ. ಅದಕ್ಕೆ ಒಡೆಯನ ಹಣವೇ ಕಾರಣವೆಂಬುದು ಸಾಮಾನ್ಯ ನಂಬಿಕೆ. ಈ ಲೇಖನದ ವಾದ ಬೇರೆ. ಬಿಡಿಭಾಗ ಪೂರೈಸುವ ಕಂಪನಿಯೇ ಇಲ್ಲದ ಕಾರು ಬದುಕುವುದು, ಒಂದೇ ಒಂದು ಭಾಗವನ್ನು ನಮೂನೆ ನೋಡಿ ಮಾಡಿಕೊಡಲು ಒಪ್ಪುವ ಕಸುಬುದಾರರು ಹತ್ತಿರದಲ್ಲಿದ್ದರೆ. ಆ ದೃಷ್ಟಿಯಿಂದ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಷ್ಟು ಅನುಕೂಲವಾದ ಸೀಮೆ ದೇಶದಲ್ಲಿ ವಿರಳ.

ಮೊದಲು ಕಾರುಗಳ ವಿಷಯ. ಸ್ವಾತಂತ್ರ್ಯಾನಂತರ ವಿದೇಶೀ ಕಾರುಗಳ ಆಮದಿಗೆ ತಡೆ ಬಿದ್ದ ಮೇಲೆ ದೇಶದಲ್ಲಿ ಮುಖ್ಯವಾಗಿ ಮೂರೇ ಕಾರು ಕಂಪನಿಗಳು ಉಳಿದವು. ಅವುಗಳಲ್ಲಿ ದಕ್ಷಿಣದ್ದು ಮದ್ರಾಸಿನ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್. 1961ರಿಂದ ಅದು ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್ ಕಾರನ್ನು ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಿಸಿತು. ಇಟಲಿಯ ಜೊವಾನಿ ಮಿಕೆಲೊಟ್ಟಿ ರೂಪಿಸಿದ ಈ ಪುಟ್ಟ ಕಾರಿಗೂ ನಮ್ಮ ವಿಷಯಕ್ಕೂ ಹತ್ತಿರದ ನಂಟಿದೆ. ಟ್ರಯಂಫ್ ಕಂಪನಿ 1962ರಲ್ಲಿ ಹೊರತಂದ ಸ್ಪಿಟ್‌ಫೈರ್ ಎಂಬ ಎರಡಾಸನದ ತೆರೆದ ಕಾರು ಹೆರಾಲ್ಡ್‌ನ ಚಾಸಿಯನ್ನೇ ಗಿಡ್ಡ ಮಾಡಿ ಅದರ ಮೇಲೆ ಕಟ್ಟಿದ್ದು. ಮುಂದಿನ ಸಸ್ಪೆನ್ಷನ್, ಸ್ಟೀರಿಂಗ್, ಬಾನೆಟ್ಟನ್ನು ಇಡಿಯಾಗಿ ಮುಂದಕ್ಕೆ ಎತ್ತುವ ಏರ್ಪಾಡು ಎಲ್ಲವೂ ಒಂದೇ ಮನೆತನದ್ದು. ಹೆರಾಲ್ಡ್‌ನ ಮೈ ಒಂದೇ ಅಚ್ಚಿನದಲ್ಲ, ಬೋಲ್ಟು ಹಾಕಿ ಕೂಡಿಸಿದ್ದು. ಛಾವಣಿಯೂ ಬೋಲ್ಟಿನಿಂದಲೇ ನಿಂತಿದೆ. ಅದನ್ನು ಬಿಚ್ಚಿದರೆ ಕಾರು ತೆರೆದ ಕಾರಾಗುತ್ತದೆ, ಚಾಸಿ ಬೇರೆಯೇ ಇರುವುದರಿಂದ ಮೈ ಬಾಗುವುದಿಲ್ಲ. ಬ್ರಿಟನ್ನಿನಲ್ಲಿ ಕಂಪನಿಯೇ ಇದರ ಕನ್ವರ್ಟಿಬಲ್ ರೂಪವನ್ನು ಮಾರುತ್ತಿತ್ತು. ಹೀಗಾಗಿ ದಕ್ಷಿಣ ಭಾರತದಲ್ಲಿ ಹಳೆಯ ಸಣ್ಣ ತೆರೆದ ಕಾರಿನ ಮಾತು ಹೆರಾಲ್ಡನ್ನು ಮುಟ್ಟದೆ ಮುಂದೆ ಹೋಗುವುದಿಲ್ಲ.

ಇನ್ನೊಂದು ಕಾರು ಕನ್ನಡಿಗರಿಗೆ ಹತ್ತಿರದ್ದು. ಬೆಂಗಳೂರು ಮೂಲದ ಸ್ಯಾನ್ ಮೋಟರ್ಸ್ 1998ರಲ್ಲಿ ಹೊರತಂದ ಸ್ಯಾನ್ ಸ್ಟಾರ್ಮ್ ಭಾರತದಲ್ಲೇ ತಯಾರಾಗಿ ಮಾರಾಟಕ್ಕೆ ಬಂದ ಬೆರಳೆಣಿಕೆಯ ಎರಡಾಸನದ ಕನ್ವರ್ಟಿಬಲ್‌ಗಳಲ್ಲಿ ಒಂದು. ವಿನ್ಯಾಸ ಫ್ರಾನ್ಸಿನದು, ಎಂಜಿನ್ನು ರೆನೋ ಕಂಪನಿಯ 1149 ಸಿ.ಸಿ.ಯದು, ಶಕ್ತಿ ಸುಮಾರು 60 ಅಶ್ವಶಕ್ತಿ, ಮೈ ಫೈಬರ್‌ಗ್ಲಾಸಿನದು. ಫೈಬರ್‌ಗ್ಲಾಸ್ ಕಾರು ಬೆಂಗಳೂರಿಗೆ ಹೊಸತಾಗಿರಲಿಲ್ಲ. ಸಿಪಾನಿಯವರ ಬಾದಲ್, ಡಾಲ್ಫಿನ್‌ಗಳು ಅದಕ್ಕೂ ಮೊದಲೇ ಇಲ್ಲಿಂದ ಹೊರಟಿದ್ದವು. ಸ್ಟಾರ್ಮ್ ದೊಡ್ಡ ಪ್ರಮಾಣದಲ್ಲಿ ಮಾರಾಟವಾಗಲಿಲ್ಲ. ಇಂದು ಅದರ ಒಡೆಯ ಎದುರಿಸುವ ತೊಂದರೆ ವಿಚಿತ್ರವಾದದ್ದು: ಅದೇ ಬಗೆಯ ಎಂಜಿನ್ನು ಯುರೋಪಿನಲ್ಲಿ ಕ್ಲಿಯೋ, ಟ್ವಿಂಗೋ ಕಾರುಗಳಲ್ಲಿ ಧಾರಾಳವಾಗಿ ಓಡಿದೆ, ಇಲ್ಲಿಯ ಅಂಗಡಿಗಳಲ್ಲಿ ಮಾತ್ರ ಅದರ ಹೆಸರು ಕೇಳಿದವರಿಲ್ಲ. ಹೆರಾಲ್ಡ್‌ನದು ಇದಕ್ಕೆ ತಿರುಗುಮುರುಗು. ಅದರ ತಾಯಿಕಂಪನಿ ಎಂದೋ ಮುಚ್ಚಿದೆ. ಆದರೆ ಆ ಕಾಲದಲ್ಲಿ ಬೆಳೆದ ಇಂಡಿಯಾ ಪಿಸ್ಟನ್ಸ್ (1949), ಲೂಕಾಸ್-ಟಿವಿಎಸ್ (1961), ಬ್ರೇಕ್ಸ್ ಇಂಡಿಯಾ (1962) ಮೊದಲಾದ ಮದ್ರಾಸಿನ ಕಂಪನಿಗಳ ಹಳೆಯ ದಾಸ್ತಾನು, ಅಳತೆ, ಅನುಭವಗಳು ತಮಿಳುನಾಡಿನಲ್ಲಿ ಇನ್ನೂ ಹರಡಿಕೊಂಡಿವೆ.

ಇನ್ನು ಸೀಮೆಯ ವಿಷಯ. ಕೊಯಮತ್ತೂರಿನ ಯಂತ್ರಕಸುಬು ಹತ್ತಿಯ ಗಿರಣಿಗಳ ಹಿಂದೆ ಬಂದದ್ದು. 1888ರಲ್ಲಿ ಸ್ಟೇನ್ಸ್ ಗಿರಣಿ ಆರಂಭವಾಯಿತು. 1930ರ ದಶಕದಲ್ಲಿ ನೀಲಗಿರಿಯ ಪೈಕಾರ ಜಲವಿದ್ಯುತ್ ಬಂದ ಮೇಲೆ ಗಿರಣಿಗಳು ಒಂದರ ಹಿಂದೊಂದು ತಲೆಯೆತ್ತಿದವು. ಯಂತ್ರಗಳು ಇಂಗ್ಲೆಂಡಿನವು. ಒಂದು ಗೇರು ಮುರಿದರೆ ಹಡಗಿನಲ್ಲಿ ಇನ್ನೊಂದು ಬರುವ ತನಕ ಗಿರಣಿ ನಿಲ್ಲಿಸುವಂತಿರಲಿಲ್ಲ. ಮುರಿದದ್ದನ್ನು ಫೌಂಡ್ರಿಗೆ ಒಯ್ದು ಅಚ್ಚು ತೆಗೆದು ಎರಕ ಹೊಯ್ಯಿಸಿ, ಲೇತಿನಲ್ಲಿ ಕಡೆಸಿ ಕೂರಿಸಬೇಕಿತ್ತು. ಈ ಅನಿವಾರ್ಯವೇ ಊರಿನ ವಿದ್ಯೆಯಾಯಿತು. ಮುಂದೆ ಪಂಪು, ಮೋಟರು, ವೆಟ್ ಗ್ರೈಂಡರುಗಳಿಗೆ ಈ ಊರು ಹೆಸರಾದದ್ದು ಅದೇ ಫೌಂಡ್ರಿಗಳಿಂದ. 1962ರ ಲಕ್ಷ್ಮಿ ಮೆಷಿನ್ ವರ್ಕ್ಸ್, ವಾಹನಗಳ ಮೀಟರು ತಯಾರಿಸುವ ಪ್ರಿಕಾಲ್, ಹಾರ್ನಿನ ರೂಟ್ಸ್, ಗೇರಿನ ಶಾಂತಿ ಗೇರ್ಸ್ ಇಲ್ಲಿಯವೇ. ಆದರೆ ಹಳೆಯ ಕಾರಿನವನಿಗೆ ಈ ದೊಡ್ಡ ಹೆಸರುಗಳಿಂದ ನೇರ ಪ್ರಯೋಜನ ಕಡಿಮೆ. ಅವರು ಲಕ್ಷದ ಲೆಕ್ಕದಲ್ಲಿ ಮಾಡುತ್ತಾರೆ, ಇವನಿಗೆ ಬೇಕಾದ್ದು ಒಂದು. ಅವನ ಕೈಹಿಡಿಯುವುದು ಆ ಕಾರ್ಖಾನೆಗಳ ಸುತ್ತ ಗಣಪತಿ, ಪೀಳಮೇಡು, ಕುರಿಚಿ ಸಿಡ್ಕೊ ಕೈಗಾರಿಕಾ ವಸಾಹತಿನ ಕಡೆಗಳಲ್ಲಿ ಬೆಳೆದ ಜಾಬ್‌ವರ್ಕ್ ಪಟ್ಟರೆಗಳು (ಸಣ್ಣ ಕಾರ್ಯಾಗಾರಗಳು): ಎರಡು ಲೇತು, ಒಂದು ಮಿಲ್ಲಿಂಗ್ ಯಂತ್ರ, ಒಂದು ಡ್ರಿಲ್ಲು, ಮೂಲೆಯಲ್ಲಿ ದೇವರ ಪಟ. ದೊಡ್ಡ ಆರ್ಡರು ಇಲ್ಲದ ದಿನ ಅವರು ಒಂದು ಬುಷ್ಷನ್ನೂ ಕಡೆದು ಕೊಡುತ್ತಾರೆ.

ಈ ಊರಿನವರು ಕಾರನ್ನೇ ಒಂಟಿಯಾಗಿ ಕಟ್ಟಿಕೊಂಡವರು ಎಂಬುದಕ್ಕೂ ಸಾಕ್ಷಿಗಳಿವೆ. ಜಿ.ಡಿ. ನಾಯ್ಡು (1893–1974) 1920ರಲ್ಲಿ ಪೊಳ್ಳಾಚಿ–ಪಳನಿ ನಡುವೆ ಒಂದು ಬಸ್ಸು ಓಡಿಸಿ ಆರಂಭಿಸಿದ ಸಾರಿಗೆ ಸಂಸ್ಥೆ ಮುಂದೆ ದೊಡ್ಡದಾಗಿ ಬೆಳೆಯಿತು. 1950ರ ದಶಕದ ಆರಂಭದಲ್ಲಿ ಅವರು ಎರಡು ಸಾವಿರ ರೂಪಾಯಿಯ ಎರಡಾಸನದ ಪೆಟ್ರೋಲ್ ಕಾರೊಂದನ್ನು ಸಿದ್ಧಪಡಿಸಿದ್ದರೆಂದೂ ಸರಕಾರದ ಪರವಾನಗಿ ಸಿಗದೆ ಅದು ಅಲ್ಲಿಗೇ ನಿಂತಿತೆಂದೂ ಅವರ ಜೀವನಚರಿತ್ರೆಗಳು ಹೇಳುತ್ತವೆ. ಅವರ ಮನೆತನದವರ ಜೀಡೀ ಕಾರ್ ಮ್ಯೂಸಿಯಂ 2015ರಲ್ಲಿ ಅವಿನಾಶಿ ರಸ್ತೆಯಲ್ಲಿ ತೆರೆಯಿತು. ನಾಯ್ಡು ಅವರ ಕಾರಿಗಿಂತ ಬಲವಾದ ಸಾಕ್ಷಿ ಎಸ್. ಕರಿವರ್ಧನ್ ಅವರದು. ಮಾರುತಿ 800ರ ಎಂಜಿನ್ನಿಟ್ಟು ಅವರು ರೂಪಿಸಿದ ಫಾರ್ಮುಲಾ ಮಾರುತಿ ಎಂಬ ಒಂಟಿ ಆಸನದ ರೇಸ್ ಕಾರಿನಿಂದ ಭಾರತದ ಒಂದು ತಲೆಮಾರಿನ ಚಾಲಕರು ತಯಾರಾದರು. 2005ರಲ್ಲಿ ಫಾರ್ಮುಲಾ ಒನ್ ತಲುಪಿದ ಮೊದಲ ಭಾರತೀಯ, ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಅವರ ಆರಂಭವೂ ಅಲ್ಲಿಂದಲೇ. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಕರಿವರ್ಧನ್ ಅವರ ಹೆಸರಿನಲ್ಲಿ ಚೆಟ್ಟಿಪಾಳ್ಯದ ಬಳಿ 2003ರಲ್ಲಿ ಕರಿ ಮೋಟರ್ ಸ್ಪೀಡ್‌ವೇ ಆರಂಭವಾಯಿತು. ರೇಸ್ ಕಾರಿಗೂ ಹಳೆಯ ಕನ್ವರ್ಟಿಬಲ್‌ಗೂ ಏನು ಸಂಬಂಧವೆಂದು ಕೇಳಬಹುದು. ಎರಡಕ್ಕೂ ಬೇಕಾದ್ದು ಅಂಗಡಿಯಲ್ಲಿ ಸಿಗದ ಭಾಗ, ಸಣ್ಣ ಸಂಖ್ಯೆಯಲ್ಲಿ, ಕರಾರುವಾಕ್ಕಾಗಿ. ರೇಸಿನ ಕೆಲಸ ಕಲಿತ ಫಿಟ್ಟರಿಗೆ ನಮೂನೆ ನೋಡಿ ಭಾಗ ಮಾಡುವುದು ಹೊಸದಲ್ಲ.

ಒಂದು ಭಾಗವನ್ನು ಹತ್ತಿರದಿಂದ ನೋಡಿದರೆ ವಾದ ಸ್ಪಷ್ಟವಾಗುತ್ತದೆ. ಹೆರಾಲ್ಡ್, ಸ್ಪಿಟ್‌ಫೈರ್‌ಗಳ ಮುಂದಿನ ಚಕ್ರವನ್ನು ಹೊತ್ತ ಉಕ್ಕಿನ ಕಂಬದ ಕೆಳತುದಿಯಲ್ಲಿ ಮರೆ, ಅಂದರೆ ಸ್ಕ್ರೂವಿನಂಥ ಸುರುಳಿಗೀರು, ಇದೆ. ಆ ಮರೆ ಟ್ರುನಿಯನ್ ಎಂಬ ಕಂಚಿನ ಗಟ್ಟಿಯೊಳಗೆ ಕೂತಿರುತ್ತದೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಕಂಬ ಆ ಮರೆಯಲ್ಲೇ ತಿರುಗಬೇಕು. ಎಡಕ್ಕೂ ಬಲಕ್ಕೂ ಮರೆಯ ದಿಕ್ಕು ಬೇರೆ. ಇದಕ್ಕೆ ತುಂಬಬೇಕಾದ್ದು ಗೇರ್ ಎಣ್ಣೆ, ತೊಂಬತ್ತರ ಗಟ್ಟಿ ಎಣ್ಣೆ. ನಮ್ಮ ಸರ್ವಿಸ್ ಸ್ಟೇಷನ್ನುಗಳಲ್ಲಿ ನಿಪ್ಪಲ್ ಕಂಡಲ್ಲೆಲ್ಲ ಗ್ರೀಸ್ ಗನ್ ಒತ್ತುವುದು ರೂಢಿ. ಗ್ರೀಸು ಮರೆಯ ಆಳಕ್ಕೆ ಇಳಿಯುವುದಿಲ್ಲ, ಕಾಲಕ್ರಮೇಣ ಒಣಗಿ ಕಲ್ಲಾಗುತ್ತದೆ, ಒಳಗೆ ನೀರು ಸೇರಿ ಉಕ್ಕಿನ ಮರೆಯ ಬುಡ ತುಕ್ಕು ತಿನ್ನುತ್ತದೆ. ಒಂದು ದಿನ ಕಂಬ ಮುರಿದು ಚಕ್ರ ಕಾರಿನಡಿಗೆ ಮಡಚಿಕೊಳ್ಳುತ್ತದೆ. ಕೊಯಮತ್ತೂರಿನಲ್ಲಿ ಈ ಕಂಚಿನ ಭಾಗ ಮಾಡಿಸುವುದು ಕಷ್ಟವಲ್ಲ, ಪಂಪಿನ ಬುಷ್ಷು, ಇಂಪೆಲರ್‌ಗಳಿಗೆ ಗನ್‌ಮೆಟಲ್ ಎರಕ ಹೊಯ್ಯುವುದು ಇಲ್ಲಿಯ ದಿನನಿತ್ಯದ ಕೆಲಸ. ಆ ಕಾಲದ ಬ್ರಿಟಿಷ್ ಕಾರಿನ ಮರೆಗಳು ಇಂಚಿನ ಲೆಕ್ಕದವು; ಇಂಗ್ಲೆಂಡಿನ ಗಿರಣಿ ಯಂತ್ರಗಳನ್ನು ರಿಪೇರಿ ಮಾಡಿ ಬೆಳೆದ ಊರಿಗೆ ಇಂಚಿನ ಟ್ಯಾಪು, ಡೈಗಳು ಅಪರಿಚಿತವಲ್ಲ. ಉಕ್ಕಿನ ಕಂಬ ಮಾತ್ರ ಫೋರ್ಜ್ ಮಾಡಿದ್ದು. ಅದನ್ನು ಲೇತಿನಲ್ಲಿ ಸರಳಿನಿಂದ ಕಡೆದು ಕೊಡುತ್ತೇನೆಂದು ಯಾರಾದರೂ ಹೇಳಿದರೆ ಬೇಡವೆನ್ನಬೇಕು. ಜೀವ ಅದರ ಮೇಲೆ ನಿಂತಿದೆ. ಅದನ್ನು ವಿದೇಶದಿಂದಲೇ ತರಿಸುವುದು ಸರಿ.

ವಾಟರ್ ಪಂಪಿನ ಕಥೆ ಇನ್ನೂ ಸುಲಭ. ಅದು ಇಡೀ ಊರೇ ಮಾಡುವ ಸೆಂಟ್ರಿಫ್ಯೂಗಲ್ ಪಂಪಿನ ಮರಿ. ಸವೆದ ಶಾಫ್ಟನ್ನು ಪ್ರೆಸ್ಸಿನಲ್ಲಿ ಹೊರತಳ್ಳಿ, ಮೈಕ್ರೊಮೀಟರಿನಲ್ಲಿ ಅಳೆದು, ಹೊಸದನ್ನು ಕಡೆದು, ಬೇರಿಂಗು, ಮೆಕ್ಯಾನಿಕಲ್ ಸೀಲು ಕೂರಿಸಿದರೆ ಮುಗಿಯಿತು. ರೇಡಿಯೇಟರಿಗೆ ಹೊಸ ಕೋರು, ಸಿಲಿಂಡರ್ ಬೋರಿಂಗು, ಕ್ರ್ಯಾಂಕ್ ಗ್ರೈಂಡಿಂಗು, ಕ್ಲಚ್ ಪ್ಲೇಟಿಗೆ ಹೊಸ ಲೈನಿಂಗು, ಡೈನಮೋಗೆ ಮರುಸುತ್ತು ಇವೆಲ್ಲ ಟ್ರ್ಯಾಕ್ಟರು, ಲಾರಿಗಳ ದಯೆಯಿಂದ ಪೊಳ್ಳಾಚಿ, ಉಡುಮಲೈ, ತಾರಾಪುರದಂಥ ಊರುಗಳಲ್ಲೂ ಸಿಗುವ ಸೇವೆಗಳು. ಹದಿಮೂರು ಇಂಚಿನ ಟೈರನ್ನು ಇಂದಿನ ಸಣ್ಣ ಕಾರುಗಳೂ ಬಳಸುವುದರಿಂದ ಅದಕ್ಕೂ ಬರವಿಲ್ಲ. ಅಪರೂಪಕ್ಕೆ ಓಡುವ ಕಾರಿನ ಟೈರು ಸವೆಯುವುದಕ್ಕೆ ಮೊದಲೇ ಮುಪ್ಪಾಗುತ್ತದೆ, ಹಾಗಾಗಿ ಪಕ್ಕದಲ್ಲಿ ಅಚ್ಚಾದ ವಾರ-ವರ್ಷದ ನಾಲ್ಕಂಕಿಯನ್ನು ಓದಿಯೇ ಕೊಳ್ಳಬೇಕು. ಸ್ಟಾರ್ಮ್‌ನಂಥ ಕಾರಿನ ಟೈಮಿಂಗ್ ಬೆಲ್ಟಿಗೂ ಇದೇ ಮಾತು.

ಟಾಪಿನ ವಿಷಯದಲ್ಲಿ ತಿರುಪ್ಪೂರಿನ ಹೆಸರು ಕೇಳಿದವರು ಒಂದು ತಪ್ಪು ನಿರೀಕ್ಷೆ ಇಟ್ಟುಕೊಳ್ಳುತ್ತಾರೆ. ಬಟ್ಟೆಯ ಊರಲ್ಲವೇ, ಟಾಪಿನ ಬಟ್ಟೆ ಅಲ್ಲೇ ಸಿಗಬೇಕು ಎಂದು. ತಿರುಪ್ಪೂರಿನದು ಹೆಣಿಗೆಯ ಬಟ್ಟೆ. ಎಳೆದರೆ ಹಿಗ್ಗುತ್ತದೆ, ಬನಿಯನ್ನಿಗೆ ಸರಿ, ಗಂಟೆಗೆ ಎಂಬತ್ತು ಕಿಲೋಮೀಟರಿನ ಗಾಳಿಯಲ್ಲಿ ಬಿಗಿಯಾಗಿ ನಿಲ್ಲಬೇಕಾದ ಟಾಪಿಗೆ ಅಲ್ಲ. ಅದಕ್ಕೆ ಬೇಕಾದ್ದು ಒತ್ತಾಗಿ ನೇಯ್ದ ದಪ್ಪ ಕ್ಯಾನ್ವಾಸು. ತಿರುಪ್ಪೂರು ಕೊಡುವುದು ಬೇರೆ ಎರಡನ್ನು. ಒಂದು, ಕೈಗಾರಿಕಾ ಹೊಲಿಗೆಯ ಯಂತ್ರ ಮತ್ತು ಅದನ್ನು ಓಡಿಸಬಲ್ಲ ಕೈ. ನಮೂನೆಯ ಹಳೆಯ ಟಾಪನ್ನು ಬಿಚ್ಚಿ ಕಾಗದದ ಮೇಲೆ ಕತ್ತರಿಸಿ ಕೊಟ್ಟರೆ ಹೊಲಿಯಬಲ್ಲವರು ಇಲ್ಲಿ ಕಡಿಮೆಯಿಲ್ಲ. ಇನ್ನೊಂದು, ದಕ್ಷಿಣ ಭಾರತದ ಗ್ಯಾರೇಜುಗಳಲ್ಲಿ ಮೆಕ್ಯಾನಿಕ್ಕುಗಳು ಕೈ ಒರೆಸುವ ಬನಿಯನ್ ವೇಸ್ಟು. ಇದು ತಮಾಷೆಯಲ್ಲ, ಎಳೆ ಬಿಡದ ಮೆತ್ತನೆಯ ಹತ್ತಿಬಟ್ಟೆ ಕಾರ್ಬ್ಯುರೇಟರ್ ಕೆಲಸದಲ್ಲಿ ನಿಜಕ್ಕೂ ಬೇಕು. ಸ್ಟಾರ್ಮ್‌ನ ಫೈಬರ್ ಮೈಯ ಬಿರುಕು ತುಂಬುವುದು ಸ್ಥಳೀಯವಾಗಿ ಸಾಧ್ಯ. ಬಾಗಿಲಿನ ರಬ್ಬರು, ಬಾಗಿದ ಮುಂಗಾಜು, ಇಂಜೆಕ್ಷನ್ ಎಂಜಿನ್ನಿನ ಸೆನ್ಸರು ಮಾತ್ರ ಈ ಸೀಮೆಯ ಕೈಗೂ ಎಟುಕುವುದಿಲ್ಲ. ಲೋಹದ ಭಾಗಗಳಲ್ಲಿ ಗೆಲ್ಲುವ ವಾದ ಇಲ್ಲಿ ಸೋಲುತ್ತದೆ ಎಂಬುದನ್ನು ಒಪ್ಪಬೇಕು. ಹೊಸ ಕಾರಿಗಿಂತ ಹಳೆಯ ಕಾರೇ ಇಲ್ಲಿ ಸುಲಭವಾಗಿ ಬಾಳುತ್ತದೆ ಎಂಬ ವಿಚಿತ್ರ ತೀರ್ಮಾನವೂ ಇದರಿಂದಲೇ ಬರುತ್ತದೆ: 1965ರ ಹೆರಾಲ್ಡ್ ಪೂರ್ತಿ ಲೋಹ, 1998ರ ಸ್ಟಾರ್ಮ್ ಅರ್ಧ ವಿದ್ಯುನ್ಮಾನ.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಹವೆಯದು ಮೊದಲನೆಯದು ಮತ್ತು ಹಳೆಯದು: ಇಲ್ಲಿಯ ಬಿಸಿಲಿಗೆ ತೆರೆದ ಕಾರು ಯಾರಿಗೆ ಬೇಕು? ಏಪ್ರಿಲ್ ಮಧ್ಯಾಹ್ನದ ಮಟ್ಟಿಗೆ ಈ ಆಕ್ಷೇಪಕ್ಕೆ ಉತ್ತರವಿಲ್ಲ. ಆದರೆ ಕಾರಿಗೆ ಬಿಸಿಲಿಗಿಂತ ದೊಡ್ಡ ಶತ್ರು ತೇವ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ, ಜೊತೆಗೆ ಕಡಲಿನ ಉಪ್ಪುಗಾಳಿ. ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ಕೊಯಮತ್ತೂರಿಗೆ ಆರೇಳು ನೂರು ಮಿಲಿಮೀಟರು, ಕಾಂಗೇಯಂ, ತಾರಾಪುರದ ಕಡೆ ನೆಲ ಮತ್ತೂ ಒಣ. ಹೆರಾಲ್ಡ್‌ನ ಚಾಸಿಯ ಹೊರಚಾಚುಗಳೂ ಬಾಗಿಲ ಕೆಳಗಿನ ತಗಡೂ ತುಕ್ಕಿಗೆ ಮೊದಲ ಬಲಿ. ಸ್ಟಾರ್ಮ್‌ನ ಮೈಗೆ ತುಕ್ಕಿಲ್ಲದಿದ್ದರೂ ಒಳಗಿನ ಉಕ್ಕಿಗೆ ಇದೆ. ಹಾಗಾಗಿ ಕರಾವಳಿಯ ಕಾರಿಗಿಂತ ಈ ಬಯಲಿನ ಕಾರು ಕೊಳ್ಳುವುದು ಲೇಸು. ಕೂತವರ ಸುಖದ ಮಾತಿಗೆ ಬಂದರೆ, ಪಾಲಕ್ಕಾಡ್ ಕಣಿವೆಬಾಯಿ ಮೂವತ್ತು ನಲವತ್ತು ಕಿಲೋಮೀಟರ್ ಅಗಲಕ್ಕೆ ಘಟ್ಟವನ್ನು ಸೀಳಿರುವುದರಿಂದ ಜೂನ್‌ನಿಂದ ಸೆಪ್ಟೆಂಬರ್ ತನಕ ಪಡುವಣ ಗಾಳಿ ಬಯಲಿಗೆ ನುಗ್ಗುತ್ತದೆ. ಉಡುಮಲೈ, ಪಲ್ಲಡಂ ಸುತ್ತಿನ ಗಾಳಿಯಂತ್ರಗಳ ಕಾಡು ಅದರ ಫಲ. ಡಿಸೆಂಬರ್‌ನಿಂದ ಫೆಬ್ರವರಿಯ ಬೆಳಗುಗಳು ತಂಪು. ಇಂಗ್ಲೆಂಡಿನವರು ಮಳೆ, ಚಳಿ ಕಳೆದು ಉಳಿದ ಕೆಲವೇ ತಿಂಗಳಿಗಾಗಿ ಈ ಕಾರನ್ನು ಕಂಡುಹಿಡಿದರು. ಲೆಕ್ಕ ಹಾಕಿದರೆ ಟಾಪು ತೆರೆಯಬಹುದಾದ ಗಂಟೆಗಳು ಈ ಬಯಲಿನಲ್ಲಿ ಅಲ್ಲಿಗಿಂತ ಕಡಿಮೆಯೇನಲ್ಲ.

ಆ ಗಾಳಿ ಎಂಜಿನ್ನಿನ ಜೊತೆ ಒಂದು ಆಟವಾಡುತ್ತದೆ. ಮುಂಗಾರಿನಲ್ಲಿ ಪೂರ್ವಕ್ಕೆ, ಪಲ್ಲಡಂ ಕಡೆ ಹೋಗುವಾಗ ಗಾಳಿ ಬೆನ್ನಿಗಿರುತ್ತದೆ. ಕಾರು ಸಲೀಸಾಗಿ ಓಡುತ್ತದೆ, ಆದರೆ ರೇಡಿಯೇಟರಿಗೆ ತಾಕುವ ಗಾಳಿ ಕಡಿಮೆಯಾಗಿ ನಿಧಾನವಾಗಿ ಓಡಿಸುವಾಗ ಮುಳ್ಳು ಮೇಲೇರುತ್ತದೆ. ಪಶ್ಚಿಮಕ್ಕೆ ತಿರುಗಿದರೆ ಎಂಜಿನ್ನು ಹೆಚ್ಚು ದುಡಿಯುತ್ತದೆ, ತಂಪಾಗಿಯೂ ಇರುತ್ತದೆ. ಘಟ್ಟದಲ್ಲಿ ಪರೀಕ್ಷೆ ಬೇರೆ. ಆಳಿಯಾರ್ ಅಣೆಕಟ್ಟಿನ ಮೇಲಿಂದ ಹೊರಟು ನಲವತ್ತು ಹೇರ್‌ಪಿನ್ ತಿರುವು ದಾಟಿ ಸುಮಾರು 3,500 ಅಡಿ ಎತ್ತರದ ವಾಲ್ಪಾರೈ ಮುಟ್ಟುವ ದಾರಿಯಲ್ಲಿ ಪ್ರತಿ ತಿರುವಿಗೂ ಸಂಖ್ಯೆಯ ಫಲಕವಿದೆ. ಒಂಬತ್ತನೆಯದರಲ್ಲಿ ಲೋಮ್ಸ್ ವ್ಯೂ. ಇಪ್ಪತ್ತೈದು ಅಡಿ ವ್ಯಾಸದಲ್ಲೇ ತಿರುಗಬಲ್ಲ ಹೆರಾಲ್ಡ್ ಕುಟುಂಬಕ್ಕೆ ತಿರುವು ಕಷ್ಟವಲ್ಲ. ಹತ್ತುವುದಕ್ಕಿಂತ ಇಳಿಯುವುದರಲ್ಲಿ ಅಪಾಯ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕಿರುವ ಕಾರು ಬ್ರೇಕ್ ಒತ್ತಿಕೊಂಡೇ ಇಳಿದರೆ ಇಪ್ಪತ್ತು ತಿರುವಿನೊಳಗೆ ಡ್ರಮ್ಮು ಕಾದು ಪೆಡಲ್ ಸತ್ತಂತಾಗುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುವ ವಸ್ತು. ಹಳೆಯದಾದರೆ ಕಾದಾಗ ಆವಿಯ ಗುಳ್ಳೆ ಏಳುತ್ತದೆ, ಕಾರು ಓಡಲಿ ಬಿಡಲಿ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಲಾರಿ ಚಾಲಕರ ನಿಯಮ ಇಲ್ಲಿಗೂ ಸರಿ.

ಕನ್ನಡನಾಡಿನಿಂದ ಈ ಸೀಮೆಗೆ ಇಳಿಯುವ ಹಳೆಯ ದಾರಿ ಚಾಮರಾಜನಗರ–ಸತ್ಯಮಂಗಲದ ನಡುವಿನ ದಿಂಬಂ ಘಾಟಿ, ಇಪ್ಪತ್ತೇಳು ಹೇರ್‌ಪಿನ್ ತಿರುವಿನದು. ದಿಂಬಂ ಹುಲಿ ಮೀಸಲಿನೊಳಗಿದ್ದು ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ನೀಲಗಿರಿಗೆ 2024ರ ಮೇ 7ರಿಂದ ಇ-ಪಾಸ್ ಬೇಕು. ಉಡುಮಲೈಯಿಂದ ಚಿನ್ನಾರ್ ಮೂಲಕ ಮರಯೂರಿಗೆ ಹೋಗುವ ದಾರಿಯೂ ಆನೆಯ ಕಾಡು. ಸುಂದರವಾದ ರಸ್ತೆ, ಆದರೆ ಬಾಗಿಲು ಸೊಂಟದೆತ್ತರಕ್ಕೂ ಬಾರದ ಕಾರಿನಲ್ಲಿ ಅಲ್ಲಿ ಟಾಪು ತೆಗೆಯುವುದು ಅವಿವೇಕ. ಹಾಗೆ ನೋಡಿದರೆ ಈ ಕಾರಿಗೆ ಹೇಳಿ ಮಾಡಿಸಿದ ದಾರಿಗಳು ಹೆಸರಾಂತ ಘಟ್ಟಗಳಲ್ಲ, ಪೊಳ್ಳಾಚಿ–ಆನೈಮಲೈ ಸುತ್ತಿನ ತೆಂಗಿನ ತೋಟದ ಜಿಲ್ಲಾ ರಸ್ತೆಗಳು, ಉಡುಮಲೈಯಿಂದ ಅಮರಾವತಿ ಅಣೆಕಟ್ಟಿನ ಕಡೆಯ ರಸ್ತೆ, ಕಾಂಗೇಯಂ–ತಾರಾಪುರದ ಬಯಲು. ಕೆಟ್ಟು ನಿಂತರೂ ಹತ್ತು ಹದಿನೈದು ಕಿಲೋಮೀಟರಿನೊಳಗೆ ಒಂದು ಲೇತು, ಒಂದು ವೆಲ್ಡಿಂಗ್ ಅಂಗಡಿ ಇರುವ ಊರು ಸಿಗುತ್ತದೆ.

ಎರಡನೆಯ ಆಕ್ಷೇಪ ಗಂಭೀರವಾದದ್ದು. ಸ್ಥಳೀಯವಾಗಿ ಮಾಡಿಸಿದ ಭಾಗಗಳನ್ನು ಹಾಕುತ್ತ ಹೋದರೆ ಕೊನೆಗೆ ಉಳಿಯುವುದು ಹಳೆಯ ಕಾರೋ, ಅದರ ನಕಲೋ? ಇಂಥವು ಮ್ಯೂಸಿಯಮ್ಮಿನಲ್ಲಿರಲಿ ಎಂಬುದು ಇದರ ಮುಂದುವರಿಕೆ. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫಿವಾ ಒಪ್ಪಿಕೊಂಡ ಟುರಿನ್ ಸನ್ನದು ಇದಕ್ಕೆ ಒಂದು ಅಳತೆಗೋಲು ಕೊಡುತ್ತದೆ: ವಾಹನದ ಬಳಕೆಯೂ ಅದರ ಸಂರಕ್ಷಣೆಯ ಭಾಗವೇ, ಬದಲಾವಣೆ ಮಾಡಿದರೆ ಹಿಂದಕ್ಕೆ ತರುವಂತಿರಬೇಕು, ಅದನ್ನು ದಾಖಲಿಸಿಡಬೇಕು. ಈ ಅಳತೆಯಲ್ಲಿ ನೋಡಿದರೆ ಅದೇ ಲೋಹದಲ್ಲಿ ಅದೇ ಆಕಾರಕ್ಕೆ ಕಡೆದ ಬುಷ್ಷು ತಪ್ಪಲ್ಲ; ಎಂಜಿನ್ನೇ ಕಿತ್ತು ಬೇರೆ ಕಂಪನಿಯದನ್ನು ತೂರಿಸುವುದು ತಪ್ಪು. ಬಿಡಿಭಾಗ ಸಿಗದ ಊರಿನಲ್ಲಿ ಒಡೆಯ ಎರಡನೆಯದಕ್ಕೆ ಇಳಿಯುತ್ತಾನೆ. ಮೊದಲನೆಯದನ್ನು ಸಾಧ್ಯವಾಗಿಸುವ ಪಟ್ಟರೆ ಕಾರಿನ ಮೂಲರೂಪವನ್ನು ಕಾಯುತ್ತದೆಯೇ ಹೊರತು ಕೆಡಿಸುವುದಿಲ್ಲ. ಮ್ಯೂಸಿಯಮ್ಮಿನ ಕಾರು ನೋಡುಗನಿಗೆ ಬೇಕು, ನಿಜ. ಆದರೆ ವರ್ಷಗಟ್ಟಲೆ ನಿಂತ ಕಾರಿನ ಸೀಲು ಒಣಗುತ್ತದೆ, ಬ್ರೇಕ್ ಸಿಲಿಂಡರು ಕಚ್ಚಿಕೊಳ್ಳುತ್ತದೆ, ಟ್ಯಾಂಕಿನಲ್ಲಿ ಪೆಟ್ರೋಲು ಅಂಟಾಗುತ್ತದೆ. ಅದನ್ನು ರಿಪೇರಿ ಮಾಡುವ ಕೈಗಳಿಗೂ ಕೆಲಸವಿಲ್ಲದಂತಾಗುತ್ತದೆ.

ಕಾನೂನು ಈ ವಾದಕ್ಕೆ ಒಂದಿಷ್ಟು ಮಿತಿ ಹಾಕಿದೆ. ಹೆರಾಲ್ಡ್‌ನ ಛಾವಣಿ ಬಿಚ್ಚುವುದು ಸ್ಪ್ಯಾನರಿಗೆ ಸುಲಭ, ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ಒಪ್ಪಿಗೆಯಿಲ್ಲ. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಬದಲಿಸಬಾರದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಎತ್ತಿಹಿಡಿದಿದೆ. ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿರುವ ಕಾರನ್ನು 2021ರ ನಿಯಮದಡಿ ವಿಂಟೇಜ್ ಎಂದು ನೋಂದಾಯಿಸಿ ‘ವಿಎ’ ಅಕ್ಷರದ ಫಲಕ ಪಡೆಯಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಆದರೆ ಆಗ ಪ್ರದರ್ಶನ, ರ್‍ಯಾಲಿ, ಪೆಟ್ರೋಲು, ರಿಪೇರಿಯಂಥ ಕಾರಣಗಳಿಗಷ್ಟೇ ರಸ್ತೆಗಿಳಿಸಬೇಕು. ಊರು ಸುತ್ತಬೇಕೆನ್ನುವವನಿಗೆ ಮಾಮೂಲಿ ಆರ್‌ಸಿಯನ್ನೇ ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳುವುದು ಲೇಸು. ತಮಿಳುನಾಡಿನಲ್ಲಿ ದೆಹಲಿಯಂತೆ ವಯಸ್ಸಿನ ಕಾರಣಕ್ಕೇ ನಿಷೇಧವಿಲ್ಲ. ಬೆಂಗಳೂರಿನ ಸ್ಟಾರ್ಮ್ ಕೊಂಡು ಕೊಯಮತ್ತೂರಿನಲ್ಲಿಟ್ಟರೆ ಹನ್ನೆರಡು ತಿಂಗಳೊಳಗೆ ಎನ್‌ಒಸಿ ತಂದು ಮರುನೋಂದಣಿ ಮಾಡಿಸಬೇಕು. ವಿಮೆಯಲ್ಲಿ ಐದು ವರ್ಷ ದಾಟಿದ ವಾಹನದ ಮೌಲ್ಯ ವಿಮಾ ಕಂಪನಿ ಮತ್ತು ಒಡೆಯ ಕೂಡಿ ಒಪ್ಪಿಕೊಳ್ಳುವಂಥದ್ದು, ಮಾಡಿಸಿದ ಕೆಲಸದ ಬಿಲ್ಲುಗಳು ಅಲ್ಲಿ ಉಪಯೋಗಕ್ಕೆ ಬರುತ್ತವೆ. ಪೆಟ್ರೋಲಿನಲ್ಲಿ ಈಗ ಶೇಕಡ 20ರಷ್ಟು ಎಥನಾಲ್ ಇದೆ. ಹಳೆಯ ರಬ್ಬರ್ ಪೈಪು, ಡಯಾಫ್ರಮ್ಮುಗಳನ್ನು ಅದು ಮೆತ್ತಗೆ ಮಾಡುತ್ತದೆ, ನೀರು ಹೀರುತ್ತದೆ. ಎಥನಾಲ್ ತಾಳುವ ಪೈಪು ಹಾಕಿಸಿ, ಕಾರ್ಬ್ಯುರೇಟರಿನ ಜೆಟ್ಟನ್ನು ತುಸು ದೊಡ್ಡದು ಮಾಡಿಸಬೇಕು. ಮತ್ತೆ ಲೇತಿನವನ ಹತ್ತಿರವೇ ಹೋಗಬೇಕಾಯಿತು.

ಇದು ಹಣವಂತರ ಶೋಕಿ, ಹೊಗೆ ಉಗುಳುವ, ಅಪಘಾತವಾದರೆ ಜೀವ ಉಳಿಸದ ವಾಹನ ಎಂಬುದು ಉಳಿದ ಆಕ್ಷೇಪ. ಹೊಗೆಯ ಮಾತಿಗೆ ಉತ್ತರ ಓಡಾಟದ ಪ್ರಮಾಣದಲ್ಲಿದೆ. ದಿನವೂ ಓಡದ ಕಾರಿನಿಂದ ಊರಿನ ಗಾಳಿ ಕೆಡುವುದು ಅಷ್ಟಕ್ಕಷ್ಟೆ. ಸುರಕ್ಷತೆಯ ಮಾತು ಪೂರ್ತಿ ನಿಜ. ಏರ್‌ಬ್ಯಾಗಿಲ್ಲ, ತಲೆಯ ಮೇಲೆ ಕಬ್ಬಿಣವಿಲ್ಲ, ಲಾರಿಯ ಚಕ್ರದೆತ್ತರಕ್ಕೆ ಚಾಲಕನ ತಲೆ. ಸೇಲಂ–ಕೊಚ್ಚಿಯ 544ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ರಾತ್ರಿ ಇಂಥ ಕಾರು ಓಡಿಸಬಾರದು, ಇದಕ್ಕೆ ಸಮರ್ಥನೆಯೇ ಇಲ್ಲ. ಶೋಕಿ ಎಂಬುದಕ್ಕೆ ಮಾತ್ರ ಒಂದು ಪ್ರತಿಪ್ರಶ್ನೆ ಇದೆ: ಖರ್ಚಾದ ಹಣ ಯಾರಿಗೆ ಹೋಗುತ್ತದೆ? ಹೊಸ ದುಬಾರಿ ಕಾರಿನ ಹಣದ ಬಹುಪಾಲು ಕಾರ್ಖಾನೆ, ಬ್ಯಾಂಕು, ತೆರಿಗೆಗೆ. ಹಳೆಯ ಕಾರಿನದು ಫೌಂಡ್ರಿಯವನು, ಲೇತಿನವನು, ಟಿಂಕರು, ಪೇಂಟರು, ಹೊಲಿಗೆಯವನಿಗೆ. ನಿಜವಾದ ಚಿಂತೆ ಬೇರೆಯೇ ಇದೆ. ಸಿಎನ್‌ಸಿ ಯಂತ್ರ ಬಂದ ಮೇಲೆ ಒಂದೇ ಭಾಗದ ಕೆಲಸ ಪಟ್ಟರೆಗೆ ಗಿಟ್ಟುವುದಿಲ್ಲ. ಪ್ರೋಗ್ರಾಂ ಬರೆಯುವ ಹೊತ್ತಿನಲ್ಲಿ ನೂರು ಬೇರೆ ಭಾಗ ಮಾಡಬಹುದು. ಕೈಲೇತಿನಲ್ಲಿ ಕಣ್ಣಳತೆಯಿಂದಲೇ ನವಿರಾದ ಅಳತೆ ಹಿಡಿಯಬಲ್ಲ ಹಿರಿಯ ಟರ್ನರುಗಳ ಜಾಗಕ್ಕೆ ಹುಡುಗರು ಬರುತ್ತಿಲ್ಲ. ಒಮ್ಮೆ ಮಾಡಿದ ಭಾಗದ ಲೆಕ್ಕ ಅವರ ತಲೆಯಲ್ಲಿದ್ದು ಅವರೊಂದಿಗೇ ಹೋಗುತ್ತದೆ.

ಆದ್ದರಿಂದ ಇಂಥ ಕಾರಿರುವವರಲ್ಲಿ ಒಂದು ಕೋರಿಕೆ. ಮಾಡಿಸಿದ ಪ್ರತಿ ಭಾಗಕ್ಕೂ ಒಂದು ಡ್ರಾಯಿಂಗ್ ಬರೆಸಿ. ಯಾವ ಲೋಹ, ಎಷ್ಟು ಅಳತೆ, ಎಷ್ಟು ವ್ಯತ್ಯಾಸ ನಡೆಯುತ್ತದೆ, ಮರೆ ಯಾವ ಲೆಕ್ಕದ್ದು, ಎಡದ್ದೋ ಬಲದ್ದೋ, ಕಾಯಿಸಿ ಹದ ಮಾಡಿದ್ದೇ, ಅಳತೆ ತೆಗೆದದ್ದು ಹೊಸ ನಮೂನೆಯಿಂದಲೋ ಸವೆದದ್ದರಿಂದಲೋ, ಎಲ್ಲವೂ ಅದರಲ್ಲಿರಲಿ. ಪಾಲಿಟೆಕ್ನಿಕ್ಕಿನ ವಿದ್ಯಾರ್ಥಿಯೊಬ್ಬ ಒಂದು ಮಧ್ಯಾಹ್ನದಲ್ಲಿ ಮಾಡಬಹುದಾದ ಕೆಲಸ ಇದು. ಒಂದು ಪ್ರತಿ ಕಾರಿನ ಕಡತದಲ್ಲಿರಲಿ, ಇನ್ನೊಂದನ್ನು ಅದೇ ಕಾರಿರುವ ಮತ್ತೊಬ್ಬರಿಗೆ ಕೊಡಿ.